ಏರಿಯ ಮೇಲೆ ನಿಂತ ಕಾರು

ನೀರಂಚಿನಲ್ಲಿ ನಿಂತ ದೊಡ್ಡ ನೀಲಿ ಬಕದ ಹತ್ತಿರಕ್ಕೆ ಕಾರು ಮೆಲ್ಲಗೆ ಬಂದು ನಿಂತರೆ, ಅದು ಒಮ್ಮೆ ಕತ್ತು ತಿರುಗಿಸಿ ನೋಡಿ ಮತ್ತೆ ಮೀನಿನ ಧ್ಯಾನಕ್ಕೆ ಮರಳುತ್ತದೆ. ಅದೇ ಕಾರಿನ ಬಾಗಿಲು ತೆರೆದು ಒಂದು ಕಾಲು ನೆಲಕ್ಕಿಟ್ಟರೆ ಸಾಕು, ಕರ್ಕಶವಾಗಿ ಕೂಗುತ್ತಾ ಎದ್ದು ಕೊಳದ ಆಚೆ ದಡ ಸೇರುತ್ತದೆ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಆಕಾರವನ್ನು ಹಕ್ಕಿ ಗುರುತಿಸುತ್ತದೆ, ಅದಕ್ಕೆ ಅಂಜುತ್ತದೆ. ದಿನವೂ ಹಾದುಹೋಗುವ ಕಾರಿಗೆ ಅದು ಒಗ್ಗಿಕೊಂಡಿದೆ. ಕಾರಿನಿಂದ ಫೋಟೋ ತೆಗೆಯುವ ವಿದ್ಯೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಲೆನ್ಸಿಗೆ ಎಷ್ಟು ಖರ್ಚು ಮಾಡಿದೆವು ಅನ್ನುವುದಕ್ಕಿಂತ ಕಾರನ್ನು ಹೇಗೆ ತಂದು ನಿಲ್ಲಿಸಿದೆವು ಅನ್ನುವುದರಿಂದಲೇ ಹೆಚ್ಚಿನ ಚಿತ್ರಗಳು ಗೆಲ್ಲುತ್ತವೆ, ಇಲ್ಲವೇ ಕೆಡುತ್ತವೆ.

ಇದನ್ನು ಕಲಿಯಲು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್‌ನಂಥ ಶಾಲೆ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಅದು ಸರ್ಕಾರ ಹಕ್ಕಿಗಳಿಗೆಂದು ಕಾಯ್ದಿಟ್ಟ ವನ್ಯಜೀವಿ ಆಶ್ರಯತಾಣ. ಹೆಸರು ನಂಬಿ ಸ್ಯಾಕ್ರಮೆಂಟೊ ನಗರಕ್ಕೆ ಹೋದರೆ ಅಲ್ಲಿಂದ ಇನ್ನೂ 80–90 ಮೈಲಿ ಉತ್ತರಕ್ಕೆ ಹೋಗಬೇಕು. ರೆಫ್ಯೂಜ್ ಇರುವುದು ವಿಲೋಸ್ ಎಂಬ ಸಣ್ಣ ಊರಿನ ಹತ್ತಿರ, ಇಂಟರ್‌ಸ್ಟೇಟ್ 5ರ ಪಕ್ಕದಲ್ಲೇ. ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡಿಗರಿಗೆ ಎರಡೂವರೆ ಮೂರು ಗಂಟೆಯ ದಾರಿ. ಅಲ್ಲಿ ಆರು ಮೈಲಿಯ, ಅಂದರೆ ಸುಮಾರು ಹತ್ತು ಕಿಲೋಮೀಟರಿನ ಒಮ್ಮುಖ ದಾರಿ ಕೊಳಗಳ ನಡುವೆ ಸುತ್ತುತ್ತದೆ. ಗುರುತಿಸಿದ ಕೆಲವೇ ಜಾಗಗಳನ್ನು ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಮೊದಲ ಸಲ ಹೋದವರಿಗೆ ಈ ನಿಯಮ ಕಟ್ಟಿಹಾಕಿದಂತೆ ಅನ್ನಿಸಬಹುದು. ಹಕ್ಕಿಗಳು ದಾರಿಯ ಇಷ್ಟು ಹತ್ತಿರ ಕೂರುವುದೇ ಈ ನಿಯಮದಿಂದ.

ಆ ದಾರಿ ನಮ್ಮ ಕೆರೆ ಏರಿಯಂಥದ್ದೇ. ರೆಫ್ಯೂಜ್ ಶುರುವಾದದ್ದು 1937ರಲ್ಲಿ. ಸೆಂಟ್ರಲ್ ವ್ಯಾಲಿ ಎಂಬ ಇಲ್ಲಿನ ಕಣಿವೆಯ ಜೌಗುಗಳನ್ನು ಬಸಿದು ಹೊಲ ಮಾಡಿದ ಮೇಲೆ ಚಳಿಗಾಲಕ್ಕೆ ಬರುವ ಬಾತುಗಳಿಗೆ ಇಳಿಯಲು ನೀರಿಲ್ಲದೆ ಅವು ಭತ್ತದ ಗದ್ದೆಗೆ ನುಗ್ಗುತ್ತಿದ್ದವು. ಹಕ್ಕಿಗೆ ನೆಲೆ, ರೈತನ ಬೆಳೆಗೆ ರಕ್ಷಣೆ, ಎರಡಕ್ಕೂ ಒಂದೇ ಉಪಾಯವೆಂದು ಸರ್ಕಾರ ಒಣ ನೆಲ ಕೊಂಡಿತು. ಆರ್ಥಿಕ ಕುಸಿತದ ಕಾಲದ ನಿರುದ್ಯೋಗಿ ಯುವಕರಿಗೆ ಕೆಲಸ ಕೊಟ್ಟ ಸರ್ಕಾರಿ ಯೋಜನೆಯಾದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ಅಲ್ಲಿ ಏರಿ ಹಾಕಿ, ತೂಬು ಇಟ್ಟು, ನೀರು ನಿಲ್ಲಿಸಿದರು. ಸೆಂಟ್ರಲ್ ವ್ಯಾಲಿಯ ಮೂಲ ಜೌಗಿನಲ್ಲಿ ಶೇಕಡ 90ಕ್ಕಿಂತ ಹೆಚ್ಚು ಇಂದು ಇಲ್ಲ. ಹಾಗಾಗಿ ಉಳಿದ ಈ 10,800 ಎಕರೆಯಷ್ಟು ಜಾಗದಲ್ಲಿ ಚಳಿಗಾಲದ ಹಕ್ಕಿಗಳು ಒತ್ತೊತ್ತಾಗಿ ಸೇರುತ್ತವೆ. ಕಾರು ಓಡುವುದು ಅಂದು ಹಾಕಿದಂಥ ಏರಿಗಳ ಮೇಲೆಯೇ; ನೀರು ಇಷ್ಟು ಪಕ್ಕದಲ್ಲಿರುವುದಕ್ಕೆ ಕಾರಣವೂ ಅದೇ.

ನವೆಂಬರಿನಿಂದ ಜನವರಿವರೆಗೆ ಹೋಗುವುದು ಒಳ್ಳೆಯದು. ರಷ್ಯಾದ ರ‍್ಯಾಂಗೆಲ್ ದ್ವೀಪದಿಂದಲೂ ಕೆನಡಾದ ಉತ್ತರದಿಂದಲೂ ಬರುವ ಬಿಳಿ ಸ್ನೋ ಗೂಸ್‌ಗಳು, ಅವುಗಳ ನಡುವೆ ಗಿಡ್ಡ ಕೊಕ್ಕಿನ ಪುಟ್ಟ ರಾಸ್ ಗೂಸ್‌ಗಳು, ಅಲಾಸ್ಕಾದಿಂದ ಇಳಿಯುವ ಬಿಳಿಹಣೆಯ ಹೆಬ್ಬಾತುಗಳು, ಇವೆಲ್ಲ ಆಗ ಇಲ್ಲಿರುತ್ತವೆ. ನೀರಿನಲ್ಲಿ ಹೆಚ್ಚು ಕಾಣುವ ಪಿನ್‌ಟೇಲ್ ನಮ್ಮ ಸೂಜಿಬಾಲದ ಬಾತೇ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಇದೇ ಜಾತಿ ಬರುತ್ತದೆ, ದಾರಿ ಮಾತ್ರ ಬೇರೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆಯ ಹೆಬ್ಬಾತುಗಳ ಗದ್ದಲ ಕೇಳಿದವರಿಗೆ ವಿಲೋಸಿನ ಸದ್ದು ಪೂರ್ತಿ ಹೊಸದಲ್ಲ, ಅದರ ಪ್ರಮಾಣ ಹೊಸದು.

ಬೇಟೆಯ ವಿಷಯವನ್ನೂ ಹೇಳಿಬಿಡಬೇಕು, ಮೊದಲ ಸಲ ಗುಂಡಿನ ಸದ್ದು ಕೇಳಿ ಗಾಬರಿಯಾಗುವವರಿದ್ದಾರೆ. ರೆಫ್ಯೂಜಿನ ಒಂದು ಭಾಗದಲ್ಲಿ ಹಂಗಾಮಿನಲ್ಲಿ ಬುಧವಾರ, ಶನಿವಾರ, ಭಾನುವಾರ ಬಾತು ಬೇಟೆಗೆ ಅನುಮತಿ ಇದೆ. ಆ ದಿನಗಳಲ್ಲಿ ಹಕ್ಕಿಗಳು ಬೇಟೆಯಿಲ್ಲದ ಕೊಳಗಳಿಗೆ, ಅಂದರೆ ಕಾರಿನ ದಾರಿಯ ಕಡೆಗೆ ಬಂದು ಸೇರುತ್ತವೆ. ಬೇಟೆಗಾರರು ಕಡ್ಡಾಯವಾಗಿ ಕೊಳ್ಳುವ 25 ಡಾಲರಿನ ಡಕ್ ಸ್ಟ್ಯಾಂಪ್ 1934ರಿಂದ ಇದೆ. ಅದರ ಹಣದಲ್ಲಿ ಬಹುಪಾಲು ಜೌಗು ನೆಲ ಕೊಳ್ಳುವುದಕ್ಕೇ ಹೋಗುತ್ತದೆ. ಬೇಟೆಯಾಡದವರೂ ಕೊಳ್ಳಬಹುದು, ಶುಲ್ಕವಿರುವ ರೆಫ್ಯೂಜ್‌ಗಳಿಗೆ ಅದೇ ಪ್ರವೇಶ ಚೀಟಿಯೂ ಆಗುತ್ತದೆ. ಕ್ಯಾಮೆರಾ ಹಿಡಿದವರೆಲ್ಲ ವರ್ಷಕ್ಕೊಂದು ಕೊಳ್ಳಲಿ ಎಂಬುದು ನನ್ನ ಆಸೆ.

ಈಗ ಕಾರಿನ ಒಳಗೆ ಬರೋಣ.

ಮೊದಲು ಬೀನ್ ಬ್ಯಾಗ್. ಟ್ರೈಪಾಡ್ ಕಾರಿನಲ್ಲಿ ಕೆಲಸಕ್ಕೆ ಬಾರದು. ಕಿಟಕಿಗೆ ಸಿಕ್ಕಿಸುವ ಕ್ಲ್ಯಾಂಪ್ ಭಾರದ ಲೆನ್ಸಿಗೆ ಅಲುಗುತ್ತದೆ. ಹೊಸ್ತಿಲ ಎರಡೂ ಬದಿಗೆ ಕಾಲು ಚಾಚಿದಂತೆ ಬಾಗಿಲಿನ ಮೇಲೆ ಕೂರುವ, ನಡುವೆ ಸೀಳಿರುವ ಚೀಲ ಎಲ್ಲಕ್ಕಿಂತ ಮೇಲು. ಅದಕ್ಕೆ ಎರಡೂವರೆಯಿಂದ ಮೂರು ಕಿಲೋ ಅಕ್ಕಿ ಸಾಕು. ಗಟ್ಟಿಯಾಗಿ ತುಂಬಿದರೆ ಲೆನ್ಸ್ ಮೇಲೆ ಉರುಳಾಡುತ್ತದೆ. ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ತುಂಬಿದರೆ ಲೆನ್ಸ್ ತಾನೇ ಗುಳಿ ಮಾಡಿಕೊಂಡು ಕೂರುತ್ತದೆ. ವಿಮಾನದಲ್ಲಿ ಬರುವವರು ಖಾಲಿ ಚೀಲ ತಂದು ವಿಲೋಸಿನ ದಿನಸಿ ಅಂಗಡಿಯಲ್ಲಿ ಅಕ್ಕಿ ಕೊಂಡು ತುಂಬಿಕೊಳ್ಳಬಹುದು, ಸುತ್ತಲೂ ಭತ್ತ ಬೆಳೆಯುವ ಊರು ಅದು. ಅಕ್ಕಿಯ ಒಂದೇ ದೋಷ ಎಂದರೆ ನೀರು ತಾಕಿದರೆ ಊದಿಕೊಂಡು ಮುಗ್ಗುತ್ತದೆ. ಮಳೆಯ ದಿನ ಇದ್ದರೆ ಅಕ್ಕಿಯನ್ನು ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೊರಡಿಸಿ, ಆಮೇಲೆ ಒಳಗಿಡಿ. ಗಾಳಿ ಉಳಿದರೆ ಚೀಲ ಚೆಂಡಿನಂತೆ ಪುಟಿಯುತ್ತದೆ.

ಚೀಲದ ಎತ್ತರ ಸರಿಪಡಿಸಲು ಕಿಟಕಿ ಗಾಜನ್ನು ಕಾಲು ಭಾಗ ಏರಿಸುವ ರೂಢಿ ಇದೆ. ಏರಿಸಬಹುದು, ಆದರೆ ಮೂರು ಕಿಲೋ ಚೀಲ, ಅದರ ಮೇಲೆ ಮೂರು ಕಿಲೋ ಲೆನ್ಸ್, ಅದರ ಮೇಲೆ ಮೊಣಕೈ ಒತ್ತಿದರೆ ಭಾರವೆಲ್ಲ ಗಾಜಿನ ತೆಳು ಅಂಚಿನ ಮೇಲೆ ಬೀಳುತ್ತದೆ. ಭಾರ ಇದ್ದಾಗ ಗಾಜಿನ ಸ್ವಿಚ್ ಒತ್ತಲೇಬಾರದು, ಒಳಗಿನ ಮೋಟಾರೂ ಅದನ್ನು ಎತ್ತುವ ತಂತಿಯೂ ಹಾಳಾಗುತ್ತವೆ. ಗಾಜು ಪೂರ್ತಿ ಇಳಿಸಿ, ಚೀಲದ ಕೆಳಗೆ ಮಡಿಸಿದ ಟವೆಲ್ ಇಟ್ಟು ಎತ್ತರ ಹೊಂದಿಸುವುದು ಸುರಕ್ಷಿತ. ಹಗುರ ಲೆನ್ಸ್ ಇದ್ದವರು ನೀರಿನ ಪೈಪಿಗೆ ಸುತ್ತುವ ಫೋಮ್ ಕೊಳವೆಯನ್ನು ಒಂದಡಿ ಕತ್ತರಿಸಿ ಗಾಜಿನ ಅಂಚಿಗೆ ಸಿಕ್ಕಿಸಿದರೂ ನಡೆಯುತ್ತದೆ.

ಮುಚ್ಚಿದ ಗಾಜಿನ ಮೂಲಕವಂತೂ ತೆಗೆಯಬೇಡಿ. ಪಕ್ಕದ ಗಾಜು ಕಣ್ಣಿಗೆ ತಿಳಿಯಾಗಿ ಕಂಡರೂ ಉದ್ದ ಲೆನ್ಸ್ ಅದರ ಒಂದೊಂದು ದೋಷವನ್ನೂ ಹಿಗ್ಗಿಸುತ್ತದೆ, ಓರೆಯಾಗಿ ಹಿಡಿದರೆ ಇನ್ನಷ್ಟು. ಮುಂದಿನ ಬಾಗಿದ ಗಾಜಿನ ಮಾತೇ ಬೇಡ.

ಆಸನವನ್ನು ಹಿಂದಕ್ಕೆ ಸರಿಸಿ, ಸ್ಟೀರಿಂಗ್ ಮೇಲಕ್ಕೆ ಎತ್ತಿ, ಎದೆಗೂ ಸ್ಟೀರಿಂಗಿಗೂ ನಡುವೆ ಲೆನ್ಸ್ ತಿರುಗುವಷ್ಟು ಜಾಗ ಮಾಡಿಕೊಳ್ಳಿ. ಇಬ್ಬರು ತೆಗೆಯುವವರಿದ್ದರೆ ಎರಡನೆಯವರು ಚಾಲಕನ ಪಕ್ಕದಲ್ಲಿ ಕೂರದೆ ಅವರ ಹಿಂದಿನ ಆಸನದಲ್ಲಿ ಕೂರಬೇಕು. ಆಗ ಇಬ್ಬರಿಗೂ ಒಂದೇ ಬದಿಯ ಹಕ್ಕಿ ಸಿಗುತ್ತದೆ, ಒಬ್ಬರ ಸಲುವಾಗಿ ಕಾರನ್ನು ಹಿಂದೆ ಮುಂದೆ ಮಾಡಿ ಹಕ್ಕಿ ಎಬ್ಬಿಸುವುದು ತಪ್ಪುತ್ತದೆ. ಬದಿಯ ಕನ್ನಡಿ ಮುಂದಿನ ಕೋನವನ್ನೆಲ್ಲ ತಿನ್ನುತ್ತದೆ, ನಿಂತ ಮೇಲೆ ಮಡಿಸಿಕೊಳ್ಳಿ. ಚಲಿಸುವಾಗ ಕ್ಯಾಮೆರಾವನ್ನು ಪಕ್ಕದ ಆಸನದ ಮೇಲೆ ಬಿಡಬೇಡಿ, ಒಮ್ಮೆ ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿಗೆ ಹೋಗಿ ಬಡಿಯುತ್ತದೆ. ಕೆಳಗೆ ಕಾಲಿಡುವ ಜಾಗದಲ್ಲಿ ದಪ್ಪ ಜಾಕೆಟ್ ಹಾಸಿ ಅದರ ಮೇಲಿಟ್ಟರೆ ಬೀಳಲು ಜಾಗವೇ ಇರುವುದಿಲ್ಲ.

ಇಂಜಿನ್ ಆರಿಸುವ ಮಾತು ಎಲ್ಲರಿಗೂ ಗೊತ್ತು, ಏಕೆ ಎಂಬುದು ಗೊತ್ತಿರುವವರು ಕಡಿಮೆ. ನಿಂತ ಕಾರಿನ ಇಂಜಿನ್ನಿನ ನಡುಕ ಬಾಗಿಲು, ಚೀಲದ ಮೂಲಕ ಲೆನ್ಸಿಗೆ ಬರುತ್ತದೆ. 1/2000 ಸೆಕೆಂಡಿನ ಶಟರ್ ವೇಗದಲ್ಲಿ ಗೊತ್ತಾಗದಿದ್ದರೂ 1/250ರಲ್ಲಿ ಕಣ್ಣಿನ ಅಂಚು ಮೃದುವಾಗುತ್ತದೆ. ಈಗಿನ ಕಾರುಗಳಲ್ಲಿ ನಿಂತ ಕೂಡಲೇ ಇಂಜಿನ್ ತಾನೇ ಆರುವ ವ್ಯವಸ್ಥೆ ಇದೆಯಲ್ಲ, ಅದನ್ನು ನಂಬಬಾರದು. ಬ್ಯಾಟರಿಗೋ ಹೀಟರಿಗೋ ಬೇಕೆನ್ನಿಸಿದಾಗ, ಬ್ರೇಕಿನಿಂದ ಕಾಲು ತೆಗೆದಾಗ ಅದು ಹಠಾತ್ತನೆ ಮತ್ತೆ ಹೊತ್ತಿಕೊಳ್ಳುತ್ತದೆ, ಪೊದೆಯ ಗುಬ್ಬಿಯೂ ನಿಲ್ಲುವುದಿಲ್ಲ. ಪಾರ್ಕ್‌ಗೆ ಹಾಕಿ ಪೂರ್ತಿ ಆರಿಸಿ. ಹೊರಡುವ ಮೊದಲೇ ಒಳದೀಪ, ಸ್ವಯಂಚಾಲಿತ ಹೆಡ್‌ಲೈಟ್, ರೇಡಿಯೋ ಎಲ್ಲ ಬಂದ್ ಆಗಿರಲಿ. ಕಿಟಕಿಯನ್ನು ಹಕ್ಕಿಯ ಎದುರು ಇಳಿಸಬೇಡಿ, ದಾರಿಯ ಆರಂಭದಲ್ಲೇ ಇಳಿಸಿಕೊಂಡು ಚಳಿಗೆ ಟೊಪ್ಪಿ, ಕೈಗವಸು ಹಾಕಿಕೊಂಡು ಹೋಗಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಅತಿ ಹೆಚ್ಚು ಚಿತ್ರಗಳನ್ನು ಕೆಡಿಸುವ ಸಂಗತಿ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಅದು ಹೀಟರ್. ಹೊರಗೆ 3 ಡಿಗ್ರಿ, ಒಳಗೆ 22 ಡಿಗ್ರಿ. ಕಿಟಕಿ ತೆರೆದಾಗ ಬಿಸಿ ಗಾಳಿ ಹೊರಗೆ ಹರಿಯುವುದೇ ಲೆನ್ಸಿನ ಮುಂದಿನಿಂದ. ಒಲೆಯ ಮೇಲಿನ ಗಾಳಿ ಕುಣಿಯುವುದನ್ನು ನೋಡಿದ್ದೀರಲ್ಲ, ಅದೇ ಕುಣಿತ ಇಲ್ಲಿ ಕಾಣದಂತೆ ನಡೆಯುತ್ತದೆ. ಚಿತ್ರ ನೋಡಿದರೆ ಫೋಕಸ್ ತಪ್ಪಿದಂತೆ ಕಾಣುತ್ತದೆ, ಜನ ಲೆನ್ಸನ್ನು ರಿಪೇರಿಗೆ ಕಳಿಸುತ್ತಾರೆ. ಗುರುತು ಹಿಡಿಯುವ ಬಗೆ ಇದು: ಒಂದೇ ಹಕ್ಕಿಯ ಇಪ್ಪತ್ತು ಚಿತ್ರ ಒಂದೇ ಸಮನೆ ತೆಗೆದಾಗ ಒಂದೊಂದು ಒಂದೊಂದು ಬಗೆಯಲ್ಲಿ ಮಸುಕಾಗಿ, ನಡುವೆ ಎರಡು ಮೂರು ಚೂಪಾಗಿದ್ದರೆ ತಪ್ಪು ಗಾಳಿಯದು. ಎಲ್ಲವೂ ಒಂದೇ ರೀತಿ ಮಸುಕಾಗಿದ್ದರೆ ಆಗ ಲೆನ್ಸನ್ನು ಅನುಮಾನಿಸಿ. ಪರಿಹಾರ ಸುಲಭ, ಚಳಿ ತಡೆಯಬೇಕಷ್ಟೆ. ರೆಫ್ಯೂಜ್ ತಲುಪುವ ಕಾಲು ಗಂಟೆ ಮೊದಲೇ ಹೀಟರ್ ಆರಿಸಿ ನಾಲ್ಕೂ ಕಿಟಕಿ ತೆರೆಯಿರಿ. ಲೆನ್ಸಿನ ಮುಂದಿನ ಹುಡ್ ಒಳಗೂ ಬಿಸಿ ಗಾಳಿ ಸಿಕ್ಕಿಕೊಳ್ಳುತ್ತದೆ, ಮೊದಲ ಅರ್ಧ ಗಂಟೆ ಅದನ್ನು ಕಳಚಿಡುವುದು ಲೇಸು. ಬಾನೆಟ್ಟಿನ ಮೇಲಿಂದ ಹಾದುಹೋಗುವಂತೆ ಎಂದೂ ತೆಗೆಯಬೇಡಿ, ಇಂಜಿನ್ ಆರಿಸಿದ ಮೇಲೂ ಅಲ್ಲಿ ಬಿಸಿ ಏಳುತ್ತಲೇ ಇರುತ್ತದೆ.

ಬಿಸಿಲೇರಿದ ಮೇಲೆ ನೆಲದ್ದೇ ಕಾವು ಶುರುವಾಗುತ್ತದೆ. ಏರಿಯ ಮಣ್ಣಿನ ಮೇಲೆ ನೂರು ಮೀಟರ್ ದೂರದ ಹದ್ದು ಹತ್ತು ಗಂಟೆಗೆಲ್ಲ ನೀರಿನಲ್ಲಿ ಕಂಡಂತೆ ಅಲುಗುತ್ತದೆ. ಇದಕ್ಕೆ ಔಷಧಿಯಿಲ್ಲ. ಉದ್ದದ ಲೆನ್ಸ್ ಹಾಕಿದರೆ ಕುಣಿತವೂ ದೊಡ್ಡದಾಗುತ್ತದೆ. ಆ ಹೊತ್ತಿನಲ್ಲಿ ಮೂವತ್ತು ಮೀಟರ್ ಒಳಗಿನ ಹಕ್ಕಿಗಳನ್ನಷ್ಟೇ ಹುಡುಕಬೇಕು.

ಸಮೀಪಿಸುವ ರೀತಿಯಲ್ಲಿ ತಾಳ್ಮೆ ಬೇಕು. ದೂರದಿಂದಲೇ ಗಂಟೆಗೆ ಐದು ಮೈಲಿಗೆ ಇಳಿಸಿ, ಹಕ್ಕಿಯ ನೇರಕ್ಕೆ ಬರುವ ಮೊದಲೇ ನಿಲ್ಲಿಸಿ ಒಂದೆರಡು ನಿಮಿಷ ಕಾಯಿರಿ. ಬಾತು ತಲೆ ತಗ್ಗಿಸಿ ಮೇಯುತ್ತಿದ್ದರೆ ಮುಂದೆ ಹೋಗಬಹುದು. ಕತ್ತು ನೆಟ್ಟಗೆ ಮಾಡಿ ಮೇವು ಬಿಟ್ಟರೆ ಅದು ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ನಿಲ್ಲಿ. ಹಿಂಡು ಮೆಲ್ಲಗೆ ಆಚೆ ಈಜತೊಡಗಿದರೆ ಈಗಾಗಲೇ ತೀರ ಹತ್ತಿರವಾಗಿದ್ದೀರಿ. ಕಂಬದ ಮೇಲಿನ ಕೆಂಪುಬಾಲದ ಹಾಕ್ ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತೆಂದರೆ ಸಾಮಾನ್ಯವಾಗಿ ಕ್ಷಣದಲ್ಲೇ ಹಾರುತ್ತದೆ. ಬೆರಳು ಶಟರಿನ ಮೇಲಿರಲಿ. ಕಿಟಕಿಯಿಂದ ಅರ್ಧ ಮೈ ಹೊರಚಾಚುವುದು, ಸನ್‌ರೂಫಿನಿಂದ ಎದ್ದು ನಿಲ್ಲುವುದು ಎರಡೂ ಬಾಗಿಲು ತೆರೆದಷ್ಟೇ ಕೆಟ್ಟವು, ಮನುಷ್ಯನ ಆಕಾರ ಮತ್ತೆ ಕಂಡಿತಲ್ಲ. ಹಕ್ಕಿಯ ಕೂಗಿನ ಧ್ವನಿಮುದ್ರಣ ನುಡಿಸಿ ಅದನ್ನು ಹೊರತರುವುದಂತೂ ಕೂಡದು. ಹಿಂದೆ ಕಾರು ಬಂದರೆ ಬದಿಗೆ ಸರಿದು ದಾರಿ ಕೊಡಿ.

ಕೋನದ ಲೆಕ್ಕ ಮಾಡಿ ನೋಡಿದರೆ ಅಚ್ಚರಿಯಾಗುತ್ತದೆ. ಏರಿ ನೀರಿನಿಂದ ಒಂದೂವರೆ ಮೀಟರ್ ಎತ್ತರ, ಕಾರಿನಲ್ಲಿ ಕೂತವರ ಕಣ್ಣು ಇನ್ನೂ 1.2 ಮೀಟರ್ ಮೇಲೆ ಎಂದುಕೊಳ್ಳಿ. ಹತ್ತು ಮೀಟರ್ ದೂರದ ಬಾತನ್ನು ಸುಮಾರು 15 ಡಿಗ್ರಿ ಮೇಲಿನಿಂದ ನೋಡುತ್ತೀರಿ. ಬೆನ್ನೇ ಕಾಣುತ್ತದೆ, ಹಿನ್ನೆಲೆ ಕೆಸರು ನೀರು. ಅದೇ ಬಾತು ಮೂವತ್ತು ಮೀಟರಿನಲ್ಲಿದ್ದರೆ ಕೋನ 5 ಡಿಗ್ರಿ. ಕಣ್ಣಿಗೆ ಕಣ್ಣು ಸೇರಿದಂತಾಗಿ ಹಿಂದಿನ ಜೊಂಡು ಮಂಜಿನಂತೆ ಕರಗುತ್ತದೆ. ಅತಿ ಹತ್ತಿರದ ಹಕ್ಕಿಯೇ ಅತ್ಯುತ್ತಮ ಹಕ್ಕಿ ಎಂಬ ನಂಬಿಕೆ ಏರಿಯ ಮೇಲೆ ನಿಲ್ಲುವುದಿಲ್ಲ. ಬಾಡಿಗೆ ಕಾರು ಆರಿಸುವಾಗ ಎತ್ತರದ ಎಸ್‌ಯುವಿ ಬಿಟ್ಟು ತಗ್ಗಿನ ಸೆಡಾನ್ ಕೇಳುವುದಕ್ಕೂ ಇದೇ ಕಾರಣ.

ಬೆಳಕಿನ ವಿಷಯದಲ್ಲಿ ವಿಲೋಸ್ ಉದಾರಿ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಲ್ಲೂ ಸೂರ್ಯ ದಿಗಂತದಿಂದ 27 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ದಾಟುತ್ತಾನೆ. ಎಂಟೂವರೆಗೆ ಬೆಳಕು ಕೆಟ್ಟಿತೆಂದು ಕ್ಯಾಮೆರಾ ಚೀಲ ಮುಚ್ಚುವ ನಮ್ಮ ಅಭ್ಯಾಸ ಇಲ್ಲಿ ಬೇಡ, ದಿನವಿಡೀ ಓರೆ ಬೆಳಕಿರುತ್ತದೆ. ಗಾಳಿ ಮಾತ್ರ ಅಷ್ಟು ಉದಾರಿಯಲ್ಲ. ಹೆಬ್ಬಾತುಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಬೆಳಕೂ ಗಾಳಿಯೂ ನಿಮ್ಮ ಬೆನ್ನ ಹಿಂದಿನಿಂದ ಬಂದರೆ ಹಕ್ಕಿ ನಿಮ್ಮ ಕಡೆಗೇ ಮುಖಮಾಡಿ ಬೆಳಕಿನಲ್ಲಿ ಇಳಿಯುತ್ತದೆ. ಕಣಿವೆಯಲ್ಲಿ ಮಳೆ ಕಳೆದ ಮೇಲೆ ಬೀಸುವುದು ಹೆಚ್ಚಾಗಿ ಉತ್ತರದ ಗಾಳಿ, ಚಳಿಗಾಲದ ಬೆಳಗಿನ ಸೂರ್ಯ ಆಗ್ನೇಯದಲ್ಲಿ. ಹಾಗಾಗಿ ಮುಖದ ಚಿತ್ರ ಸಿಗದು. ಅಂಥ ಬೆಳಿಗ್ಗೆ ಕೊಳ ನಿಮ್ಮ ಪಶ್ಚಿಮಕ್ಕೆ ಬರುವ ಕಡೆ ನಿಂತು, ಹಾದುಹೋಗುವ ಹಕ್ಕಿಯನ್ನು ಪಕ್ಕದಿಂದ ಹಿಡಿಯುವುದು ಜಾಣತನ.

ಮಳೆ ಬಿದ್ದ ಮರುದಿನ ಆಕಾಶ ತಿಳಿಯಾಗಿ ಗಾಳಿ ನಿಂತರೆ ಟ್ಯೂಲಿ ಮಂಜು ಕವಿಯುತ್ತದೆ. ಹೆಸರು ಜೌಗಿನ ಟ್ಯೂಲಿ ಜೊಂಡಿನಿಂದ ಬಂದದ್ದು. ಹೆದ್ದಾರಿಯಲ್ಲಿ ಅದು ಅಪಾಯ, ನಿಧಾನವಾಗಿ ಬನ್ನಿ. ಕೊಳದ ಮೇಲೆ ಅದು ವರ. ಎಕ್ಸ್‌ಪೋಶರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚಿಸದಿದ್ದರೆ ಬಿಳಿ ಮಂಜು ಬೂದಿಯಾಗಿ ಬರುತ್ತದೆ.

ಸ್ನೋ ಗೂಸಿನದು ಇದಕ್ಕೆ ತದ್ವಿರುದ್ಧ ತೊಂದರೆ. ಬಿಳಿ ಹಕ್ಕಿ ಆಕಾಶದಿಂದ ಕಂದು ಜೊಂಡಿನ ಮುಂದೆ ಬಂದಾಗ ಕ್ಯಾಮೆರಾ ಜೊಂಡನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಗರಿಯ ಗೆರೆಗಳೆಲ್ಲ ಸುಟ್ಟು ಸುಣ್ಣವಾಗುತ್ತವೆ. ಆದ್ದರಿಂದ ಬೆಳಕನ್ನು ನಾವೇ ನಿಗದಿ ಮಾಡುವ ಮ್ಯಾನ್ಯುಯಲ್. ಬಿಸಿಲಿನಲ್ಲಿ ಶಟರ್ ವೇಗ 1/2000, ಲೆನ್ಸಿನ ಕಿಂಡಿ ಎಫ್/8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 500 ಸುತ್ತಮುತ್ತ ಶುರುಮಾಡಿ, ಒಂದು ಹಕ್ಕಿ ತೆಗೆದು, ಪರದೆಯಲ್ಲಿ ಬೆಳಕು ಹೆಚ್ಚಾಯಿತೆಂದು ಬಿಳಿ ಮಿನುಗುವುದು ನಿಲ್ಲುವವರೆಗೆ ತಿದ್ದಿ. ಬಿಸಿಲು ಬದಲಾಗುವವರೆಗೆ ಮತ್ತೆ ಮುಟ್ಟಬೇಡಿ. ಟೀಲ್‌ನಂಥ ಪುಟ್ಟ ಬಾತುಗಳ ರೆಕ್ಕೆಗೆ 1/3200 ಬೇಕಾಗುತ್ತದೆ. ಕೂತ ಗೂಬೆಗೆ ಚೀಲದ ಮೇಲೆ 1/250 ಕೂಡ ಸಾಕು.

ಹಿಂಡಿನ ಚಿತ್ರದಲ್ಲಿ ಎಲ್ಲವೂ ಚೂಪಾಗಿರಬೇಕೆಂಬ ಹಂಬಲ ಬಿಡಬೇಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 500 ಮಿಲಿಮೀಟರ್ ಲೆನ್ಸ್, ಎಫ್/8, ಮೂವತ್ತು ಮೀಟರ್ ದೂರ ಎಂದರೆ ಫೋಕಸ್ ಹಿಡಿಯುವ ಆಳ 1.7 ಮೀಟರಿನಷ್ಟು, ಒಂದೆರಡು ಹೆಬ್ಬಾತಿನ ಜಾಗ. ನೂರು ಮೀಟರಿನಲ್ಲಿ ಅದೇ ಆಳ 19 ಮೀಟರ್ ಆಗುತ್ತದೆ. ದೊಡ್ಡ ಹಿಂಡನ್ನು ದೂರದಿಂದಲೇ ತೆಗೆಯಿರಿ, ಹತ್ತಿರದಲ್ಲಿ ಒಂದನ್ನೇ ಆರಿಸಿ. ಕಣ್ಣು ಹುಡುಕುವ ಹೊಸ ಆಟೋಫೋಕಸ್ ಕೂಡ ಹಿಂಡಿನಲ್ಲಿ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಅಲ್ಲಿ ಸಣ್ಣ ಚೌಕಕ್ಕೆ ಇಳಿಸಿಕೊಳ್ಳಿ.

ಹೆಬ್ಬಾತುಗಳನ್ನು ಬೇಟೆಯಾಡುವ ಬಿಳಿತಲೆಯ ಹದ್ದು, ಬಾಲ್ಡ್ ಈಗಲ್, ಬಂದಾಗ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ಮೊದಲು ಸದ್ದು ಬದಲಾಗುತ್ತದೆ, ಇಂಜಿನ್ ಆರಿದ್ದರೆ ಮಾತ್ರ ಕೇಳುತ್ತದೆ. ಕಲಕಲ ಒಮ್ಮೆಲೇ ಏರಿ, ದೂರದ ಅಂಚಿನಿಂದ ಹಿಂಡು ಕಂಬಳಿ ಕೊಡವಿದಂತೆ ಏಳುತ್ತಾ ನಿಮ್ಮ ಕಡೆ ಬರುತ್ತದೆ. ಆಗ 500ರ ಲೆನ್ಸ್ ಕುರುಡು. ಹೆಚ್ಚು ಅಗಲ ನೋಡುವ 70–200 ಮಿಲಿಮೀಟರ್ ಲೆನ್ಸ್ ಹಾಕಿದ ಇನ್ನೊಂದು ಕ್ಯಾಮೆರಾ ಅದೇ ಎಕ್ಸ್‌ಪೋಶರಿನಲ್ಲಿ ಮಡಿಲಲ್ಲಿದ್ದರೆ ಚಿತ್ರ ಸಿಗುತ್ತದೆ, ಲೆನ್ಸ್ ಬದಲಿಸುತ್ತಾ ಕೂತರೆ ಇಲ್ಲ.

ನಾಲ್ಕು ಕಾಲಿನ ಪ್ರಾಣಿಗಳು ಇಲ್ಲಿ ಕಡಿಮೆ. ಉದ್ದ ಕಿವಿಯ ಜ್ಯಾಕ್ ಮೊಲ, ಕಪ್ಪುಬಾಲದ ಜಿಂಕೆ, ಅದೃಷ್ಟವಿದ್ದರೆ ನೀರುನಾಯಿ. ಮೊಲ ಕಂಡರೆ ಅದು ಕಿವಿ ಮಡಿಸಿ ನೆಲಕ್ಕಂಟುವ ಮೊದಲೇ ನಿಲ್ಲಬೇಕು.

ಇಲ್ಲಿ ಕಲಿತದ್ದನ್ನು ಊರಿಗೆ ಒಯ್ಯುವವರಿಗೆ ಎರಡು ಮಾತು. ಬಂಡೀಪುರ, ನಾಗರಹೊಳೆಯ ಸಫಾರಿಗೆ ಸ್ವಂತ ಕಾರು ಬಿಡುವುದಿಲ್ಲ. ಬೀನ್ ಬ್ಯಾಗ್ ಜೀಪಿನ ಕಂಬಿಯ ಮೇಲೆ ಕೂರುತ್ತದೆ, ಇಂಜಿನ್ ಆರಿಸುವಂತೆ ಚಾಲಕರನ್ನು ಮೊದಲೇ ಕೇಳಿಕೊಳ್ಳಿ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ಆನೆ ಕಂಡಿತೆಂದು ಕಾರು ನಿಲ್ಲಿಸುವುದು ನಿಯಮಕ್ಕೆ ವಿರುದ್ಧ, ಆನೆಗೂ ಹಿಂಸೆ. ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಚಕ್ರದ ಜಾಡು ಬಿಟ್ಟು ಹುಲ್ಲಿಗೆ ಇಳಿದರೆ ನೆಲದಲ್ಲೇ ಗೂಡು ಕಟ್ಟುವ ಬಾನಾಡಿಗಳ ಮೊಟ್ಟೆ ಟೈರಿನಡಿ ಹೋಗುತ್ತದೆ, ಕಾರಿನೊಳಗೆ ಕೂತವರಿಗೆ ಅದು ತಿಳಿಯುವುದೂ ಇಲ್ಲ.

ಆರು ಮೈಲಿಗೆ ಮೂರು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ಸುತ್ತು, ವಿಲೋಸಿನಲ್ಲಿ ಊಟ, ಮೂರು ಗಂಟೆಗೆ ಇನ್ನೊಂದು ಸುತ್ತು. ಎರಡನೆಯ ಸುತ್ತಿನ ಕೊನೆಗೆ ಪಶ್ಚಿಮಕ್ಕೆ ನೀರು ಕಾಣುವ ಕಡೆ ಬದಿಗೆ ನಿಲ್ಲಿಸಿ. ಸೂರ್ಯ ಕೋಸ್ಟ್ ರೇಂಜ್ ಬೆಟ್ಟಗಳ ಹಿಂದೆ ಸರಿದ ಮೇಲೆ ಸೂಜಿಬಾಲದ ಬಾತುಗಳು ಹತ್ತು, ಇಪ್ಪತ್ತು, ನೂರರ ಸಾಲಾಗಿ ಕೊಳ ಬಿಟ್ಟು, ಕೊಯ್ಲಾದ ಮೇಲೆ ನೀರು ನಿಲ್ಲಿಸಿದ ಗದ್ದೆಗಳಿಗೆ ರಾತ್ರಿಯ ಮೇವಿಗೆ ಹೊರಡುತ್ತವೆ. ಶಟರನ್ನು 1/30ಕ್ಕೆ ಇಳಿಸಿ, ಲೆನ್ಸಿನ ಅಲುಗು ತಡೆಯನ್ನು ಪ್ಯಾನಿಂಗ್ ಮೋಡಿಗೆ ಹಾಕಿ, ಚೀಲದ ಮೇಲೆ ಲೆನ್ಸನ್ನು ಹಕ್ಕಿಯ ವೇಗಕ್ಕೆ ಸಮನಾಗಿ ತಿರುಗಿಸುತ್ತಾ ತೆಗೆಯಿರಿ. ನಲವತ್ತರಲ್ಲಿ ಒಂದು ಉಳಿದೀತು. ಅದರಲ್ಲಿ ತಲೆ ನಿಂತಿರುತ್ತದೆ, ರೆಕ್ಕೆ ಕಿತ್ತಳೆ ಆಕಾಶದಲ್ಲಿ ಬಳಿದಂತಿರುತ್ತದೆ.